ಅಜ್ಜನ ಎಡಗಡೆಯ ಪೆಡಲ್

ಆಗ ಗುಡೂರಿನಲ್ಲಿ ಸೈಕಲ್ ಇಲ್ಲದ ಮನೆ ಕಡಿಮೆ. ಆದರೆ ಹಳೇ ಪೆಡಲ್ ಕಂಡರೆ ಜೊಲ್ಲು ಸುರಿಸುವವನು ಊರಿಗೆಲ್ಲ ಒಬ್ಬನೇ, ನಮ್ಮ ಶಿವು ಕಾಕಾ. ಯಾರ ಮನೆಗೆ ಹೋದರೂ ಮೊದಲು ಅಂಗಳದಲ್ಲಿ ಕುಕ್ಕರುಗಾಲಲ್ಲಿ ಕೂತು, ಪೆಡಲ್ ತಿರುವಿ, ಉಗುರಿನಿಂದ ಕೊಳೆ ಕೆರೆದು ಕಂಪನಿ ಹೆಸರಿನ ಅಕ್ಷರ ಹುಡುಕುತ್ತಿದ್ದ. "ಅಸಲಿ ವಿಲಾಯ್ತಿ ಮಾಲು!" ಎಂದು ಅದೇ ಬೆರಳನ್ನು ಚಹಾ ಕಪ್ಪಿನ ಕಿವಿಗೆ ತೂರಿಸುತ್ತಿದ್ದ.

ಒಂದು ಬೇಸಿಗೆ ರಜೆಯಿಡೀ ನಮ್ಮ ಮನೆಯಲ್ಲಿ ಕಾಕಾನದು ಇದೇ ಕೆಲಸ. ಹಿಟ್ಟು ನಾದುವ ಪರಾತದಲ್ಲೇ ಸೀಮೆಎಣ್ಣೆ ಸುರಿದು ಪೆಡಲ್ ನೆನೆಹಾಕುತ್ತಿದ್ದ. ಕರಿ ಗ್ರೀಸು, ಅದರಲ್ಲಿ ಸತ್ತ ಇರುವೆ, ಯಾರದೋ ಕೂದಲು. ರೊಟ್ಟಿ, ಶೇಂಗಾ ಚಟ್ನಿ, ಕೊನೆಗೆ ಮಾವಿನಹಣ್ಣಿಗೂ ಅದೇ ನಾತ.

ಅವನ ಕಣ್ಣು ಅಜ್ಜನ ಸೈಕಲ್ ಮೇಲಿತ್ತು, ಅಜ್ಜ ಮುಟ್ಟಗೊಡುತ್ತಿರಲಿಲ್ಲ. ಅಜ್ಜನ ಎಡಗಾಲು ಗಿಡ್ಡ. ಆ ಕಡೆಯ ಪೆಡಲ್‌ಗೆ ಜಾಲಿ ಕಟ್ಟಿಗೆಯ ತುಂಡೊಂದನ್ನು ತಂತಿಯಿಂದ ಬಿಗಿದಿದ್ದ. ತುಳಿದೂ ತುಳಿದೂ ಅದು ಅವನ ಅಂಗಾಲಿನ ಆಕಾರಕ್ಕೇ ಸವೆದಿತ್ತು. ನಡೆಯುವಾಗ ಕುಂಟುತ್ತಿದ್ದವನು ಸೈಕಲ್ ಹತ್ತಿದರೆ ಯಾರಿಗೂ ಕಡಿಮೆಯಿರಲಿಲ್ಲ. ನನ್ನನ್ನು ಮುಂದೆ ಕೂಡಿಸಿಕೊಂಡು ಹೊಲಕ್ಕೆ ಹೋಗುತ್ತಿದ್ದ.

ಒಂದು ಮಧ್ಯಾಹ್ನ ಅಜ್ಜ ಮಲಗಿದ್ದಾಗ ಕಾಕಾ ಆ ಪೆಡಲ್ ಬಿಚ್ಚಿ, ಅಲ್ಲಿಗೆ ಹೊಸ ರಬ್ಬರಿನದನ್ನು ಹಾಕಿಬಿಟ್ಟ. ಎದ್ದು ಸೈಕಲ್ ಹತ್ತಿದ ಅಜ್ಜನ ಕಾಲು ಗಾಳಿಯಲ್ಲಿ ತಡಕಾಡಿತು. ಬಾಗಿಲಲ್ಲೇ ಬಿದ್ದ.

"ನನ್ನ ಕಟ್ಟಗಿ ಎಲ್ಲೈತೋ?"

"ಬಚ್ಚಲ ಒಲ್ಯಾಗ ಹಾಕೀನಿ, ಯಪ್ಪಾ. ಅದೇನು ಅಸಲಿ ಅಲ್ಲ ಬಿಡು."

ಮೊಣಕಾಲಿನ ರಕ್ತ ಒರೆಸಿಕೊಳ್ಳುತ್ತ ಅಜ್ಜ ಹೇಳಿದ: "ನನ್ನ ಕಾಲೂ ನೆಟ್ಟಗಿಲ್ಲ. ಇದನ್ನೂ ಒಲಿಗೆ ಹಾಕು."

ಬಡಿಗ ಹೊಸ ತುಂಡು ಕೆತ್ತಿಕೊಟ್ಟ. ಅದರ ಮೇಲೆ ಕಾಲು ನಿಲ್ಲಲಿಲ್ಲ. ಅಜ್ಜ ಮತ್ತೆ ಸೈಕಲ್ ಹತ್ತಲೇ ಇಲ್ಲ. ಹೊಲಕ್ಕೆ ಹೋಗುವುದೂ ನಿಂತಿತು.

ಮೊನ್ನೆ ಇಳಕಲ್ಲಿನ ಕಾಕಾನ ಮನೆಗೆ ಹೋಗಿದ್ದೆ. ಗಾಜಿನ ಕಪಾಟಿನ ತುಂಬ ಥಳಥಳಿಸುವ ಪೆಡಲ್‌ಗಳು. ನೋಡಲು ಬಂದವರೊಬ್ಬರು ಮೊಬೈಲಿನಲ್ಲಿ ಫೋಟೊ ತೆಗೆಯುತ್ತಿದ್ದರು. ನಟ್ಟನಡುವೆ ಅಜ್ಜನದು.

"ನಮ್ಮಪ್ಪನ ನೆನಪ್ರಿ," ಎಂದ ಕಾಕಾ. ಕಣ್ಣಲ್ಲಿ ನೀರು ಬೇರೆ! ಥೂ.

"ಇದೇನ್ರಿ, ಈ ಗೀರು?" ಎಂದು ಬಂದವರು ಕೇಳಿದರು.

ತಂತಿ ಬಿಗಿದಿದ್ದ ಗುರುತು ಅದು. ಅಷ್ಟು ವರ್ಷ ತುಳಿದ ಅಜ್ಜನದೆಂದು ಉಳಿದದ್ದು ಅದೊಂದೇ.

"ಏನೋ ಗಲೀಜ್ರಿ. ತಿಕ್ಕಿ ತೆಗೀತೇನಿ," ಎಂದು ಕಾಕಾ ಅದರ ಮೇಲೆ ಉಗುರು ಇಟ್ಟ.