ಸಲ್ಯೂಟ್ ಇಲ್ಲದ ಹುದ್ದೆ

ಶಾಲೆಯ ವೇಳಾಪಟ್ಟಿ ಮಾಡುವವನಿಗೆ ಒಂದು ಸೊಕ್ಕು ಇರುತ್ತದೆ. ಯಾರನ್ನು ಎಲ್ಲಿ ಕೂರಿಸಬೇಕು ಎಂಬುದು ತನಗೊಬ್ಬನಿಗೇ ಗೊತ್ತು ಎಂಬ ಸೊಕ್ಕು. ಶಹಾಪುರದ ಹೈಸ್ಕೂಲಿನಲ್ಲಿ ವರ್ಷಗಟ್ಟಲೆ ಆ ಕೆಲಸ ಮಾಡಿದ ನನಗೆ ಅದು ಸ್ವಲ್ಪ ಹೆಚ್ಚೇ ಇತ್ತು. ಯಾದಗಿರಿ, ಶಹಾಪುರ, ಸುರಪುರದ ಮಕ್ಕಳನ್ನು ಸೇರಿಸಿ ನಾವು ಕೆಲವರು ಒಂದು ಕೆಡೆಟ್ ದಳ ಕಟ್ಟಿದಾಗ, ಸ್ವಯಂಸೇವಕರಿಗೆ ಹುದ್ದೆ ಹಂಚುವ ಕೆಲಸವನ್ನು ಯಾರೂ ಕೊಡದಿದ್ದರೂ ನಾನೇ ಎತ್ತಿಕೊಂಡೆ.

ನನ್ನ ಲೆಕ್ಕ ಸರಳವಾಗಿತ್ತು. ಮನುಷ್ಯ ವಾರವಿಡೀ ಯಾವ ಕೆಲಸ ಮಾಡುತ್ತಾನೋ ಅದನ್ನೇ ಭಾನುವಾರ ಮಕ್ಕಳಿಗೆ ಕಲಿಸಲಿ. ಕರೆಂಟು ಕಂಬ ಹತ್ತುವ ಲೈನ್‌ಮನ್ ಹಗ್ಗದ ಗಂಟುಗಳ ಮುಖಂಡನಾದ. ಸರ್ವೆ ಇಲಾಖೆಯವನು ನಕ್ಷೆ ಓದಿಸಿದ. ಬಸ್ ಡಿಪೋದ ಕಂಟ್ರೋಲರ್‌ಗೆ ಶಿಬಿರದ ಪ್ರಯಾಣ ಒಪ್ಪಿಸಿದೆ. ಆಮೇಲೆ ಒಂದು ಮಗುವೂ ಬಸ್ ತಪ್ಪಿಸಿಕೊಳ್ಳಲಿಲ್ಲ. ಜನ ಹೊಗಳಿದರು, ನಾನು ಹೊಗಳಿಸಿಕೊಂಡೆ. ಇಷ್ಟು ಚಂದ ಲೆಕ್ಕ ಹಾಕಿದವನು ಒಬ್ಬಳ ವಿಷಯದಲ್ಲಿ ಮಾತ್ರ ಗೊತ್ತಿದ್ದೂ ಗೊತ್ತಿದ್ದೂ ತಪ್ಪು ಹಾಕಿದೆ.

ಆಕೆ ಸುರಪುರದ ಆಸ್ಪತ್ರೆಯೊಂದರಲ್ಲಿ ನರ್ಸ್. ಹುಟ್ಟಿದ್ದು ಸಗರದಲ್ಲಿ, ಹೊಲದ ಕೂಲಿಯವರ ಮನೆಯಲ್ಲಿ; ಊರಾಚೆಯ ಕೇರಿಯವರು, ಬೌದ್ಧರಾದವರು. ಒಂದು ಭಾನುವಾರ ಅರ್ಜಿ ಹಿಡಿದು ಮೈದಾನಕ್ಕೇ ಬಂದಳು.

"ಸರ, ಪ್ರಥಮ ಚಿಕಿತ್ಸಾ ಕಲಸೋ ಕೆಲಸ ನನಗ ಕೊಡ್ರಿ. ಸಾಲ್ಯಾಗ ಇದ್ದಾಗ ಇಂಥಾ ಪರೇಡ್ ಗ್ವಾಡಿ ಆಚಿಂದ ನೋಡೀನಿ, ಒಳಗ ಕರದವ್ರಿಲ್ಲ. ಮಕ್ಕಳ ಮುಂದ ನಿಂತು ಕಲಸಬೇಕಂತ ಭಾಳ ಆಸೆ ಅದರಿ."

"ನೋಡೋಣು ತಗೋರಿ ಅಕ್ಕಾರ," ಎಂದೆ. ಅವಳಿಗಿಂತ ಯೋಗ್ಯರು ಮೂರು ಊರಲ್ಲಿ ಸಿಗುವುದಿಲ್ಲ ಎಂದು ಆಗಲೇ ಗೊತ್ತಿತ್ತು.

ಆದರೆ ನಮ್ಮ ದಳದಲ್ಲಿ ಒಂದು ಪದ್ಧತಿ ಇತ್ತು, ಅದೂ ನಾನೇ ಮಾಡಿದ್ದು. ಭಾನುವಾರ ಬೆಳಿಗ್ಗೆ ಮುಖಂಡರು ಸಾಲಾಗಿ ನಿಲ್ಲಬೇಕು. ಮಕ್ಕಳು ಒಬ್ಬೊಬ್ಬರಾಗಿ ಎದುರು ಬಂದು, ಪ್ರತಿಯೊಬ್ಬರಿಗೂ ಸಲ್ಯೂಟ್ ಹೊಡೆದು ಮುಂದೆ ಹೋಗಬೇಕು. ಆ ಮಕ್ಕಳಲ್ಲಿ ಗೌಡರ ಮೊಮ್ಮಗಳೂ ಇದ್ದಳು. ಗೌಡರು ನಮ್ಮ ಸಮಿತಿಯ ಹಿರಿಯರು, ಪರೇಡ್ ನಡೆಯುವ ಜಾಗ ಅವರದೇ. ಸಗರದ ಕೂಲಿಯವನ ಮಗಳಿಗೆ ತಮ್ಮ ಮೊಮ್ಮಗಳು ಸಲ್ಯೂಟ್ ಹೊಡೆಯುವುದನ್ನು ಕಂಡರೆ ಅವರು ಏನೆಂದಾರು? ನಾನು ಹೋಗಿ ಕೇಳಲಿಲ್ಲ. ಅವರ ಬಾಯಿಂದ ಬರಬಹುದಾದ ಮಾತನ್ನೆಲ್ಲ ನನ್ನ ತಲೆಯೊಳಗೆ ನಾನೇ ಆಡಿ, ಅದಕ್ಕೆ ನಾನೇ ಹೆದರಿದೆ.

ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದುಕೊಂಡು ಸ್ಟೋರ್ ರೂಮ್ ಉಸ್ತುವಾರಿ ಎಂಬ ಹೊಸ ಹುದ್ದೆ ಹುಟ್ಟಿಸಿದೆ. ಬೆಲ್ಟು, ಟೋಪಿ, ಟೆಂಟಿನ ಗೂಟ ಕೊಡುವುದು, ತಿರುಗಿ ಪಡೆಯುವುದು. ಅದಕ್ಕೆ ಸಾಲಿನಲ್ಲಿ ನಿಲ್ಲುವ ಅಗತ್ಯವಿಲ್ಲ, ಸಲ್ಯೂಟ್ ಇಲ್ಲ. "ಹೆಣಮಗಳಿದ್ದೀರಿ, ಕಲಸೋದಂದ್ರ ಬಿಸಲಾಗ ತ್ರಾಸ ಆಗ್ತದ," ಎಂದೆ. ಅವಳು ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿ "ಹೂಂ ರಿ ಸರ" ಎಂದಳು. ಜಗಳ ಮಾಡಿದ್ದರೆ ಚೆನ್ನಾಗಿತ್ತು.

ಪ್ರಥಮ ಚಿಕಿತ್ಸೆಯನ್ನು ಯಾದಗಿರಿಯ ಒಬ್ಬ ಔಷಧಿ ಅಂಗಡಿಯವರಿಗೆ ಕೊಟ್ಟೆ. ಒಳ್ಳೆಯ ಮನುಷ್ಯ, ಪಾಪ. ಮಕ್ಕಳು ಆಗಸ್ಟ್ ಹದಿನೈದಕ್ಕೆ ಚಪ್ಪಾಳೆ ಬರುವ ಹಾಗೆ ಬ್ಯಾಂಡೇಜ್ ಸುತ್ತುವುದನ್ನು ಕಲಿತರು. ಫಿಟ್ಸ್ ಬಂದರೆ ಏನು ಮಾಡಬೇಕು ಎಂದು ಒಂದು ಮಗು ಕೇಳಿದಾಗ, ಅವರು ತಮ್ಮ ಅಜ್ಜಿ ಹೇಳಿದ್ದನ್ನೇ ಹೇಳಿದರು: ಕೈಕಾಲು ಒತ್ತಿ ಹಿಡಿಯಿರಿ, ಕೈಗೆ ಕಬ್ಬಿಣ ಕೊಡಿ, ಹಲ್ಲಿನ ನಡುವೆ ಚಮಚ ಇಡಿ. ನಾನೂ ಅಲ್ಲೇ ನಿಂತಿದ್ದೆ. ನನಗೂ ಅಷ್ಟೇ ಗೊತ್ತಿದ್ದದ್ದು. ಗೊತ್ತಿದ್ದವಳು ಹತ್ತು ಹೆಜ್ಜೆ ಆಚೆ, ಸ್ಟೋರ್ ರೂಮಿನೊಳಗೆ ಟೋಪಿ ಎಣಿಸುತ್ತಿದ್ದಳು.

ಎರಡು ವರ್ಷ ಹೀಗೇ ನಡೆಯಿತು. ಆಮೇಲೆ ನಾರಾಯಣಪುರದಲ್ಲಿ ಶಿಬಿರ ಹಾಕಿದೆವು, ಡ್ಯಾಮಿನ ಸಿಬ್ಬಂದಿ ಕ್ವಾರ್ಟರ್ಸ್ ಹತ್ತಿರದ ಬಯಲಲ್ಲಿ. ಎರಡನೆಯ ದಿನ ಬೆಳಗಿನ ಪರೇಡಿನಲ್ಲಿ ಗೌಡರ ಮೊಮ್ಮಗಳು ನಿಂತಲ್ಲೇ ಬಿದ್ದು ಕೈಕಾಲು ಸೆಟೆದುಕೊಂಡಳು. ಮಕ್ಕಳು ಹೆದರಲಿಲ್ಲ. ಕಲಿಸಿದ್ದನ್ನು ತಪ್ಪದೆ ಮಾಡಿದರು. ಇಬ್ಬರು ಅವಳ ಕೈಕಾಲು ಒತ್ತಿ ಹಿಡಿದರು, ಒಬ್ಬಳು ಮುಷ್ಟಿಯೊಳಗೆ ಬೀಗದಕೈ ತುರುಕಿದಳು, ಇನ್ನೊಬ್ಬ ಸ್ಟೀಲ್ ಚಮಚವನ್ನು ಹಲ್ಲಿನ ನಡುವೆ ತೂರಿಸಿದ. ಮುಂದಿನ ಹಲ್ಲು ಅರ್ಧ ಮುರಿದು ಬಾಯಿ ತುಂಬ ರಕ್ತವಾಯಿತು.

ಸ್ಟೋರ್ ಟೆಂಟಿನಿಂದ ನರ್ಸ್ ಓಡಿ ಬಂದಳು. "ಯಾರೂ ಹಿಡೀಬ್ಯಾಡ್ರಿ! ಸರೀರಿ, ಗಾಳಿ ಬಿಡ್ರಿ!" ಚಮಚ ತೆಗೆದೆಸೆದು, ಹುಡುಗಿಯನ್ನು ಒಂದು ಮಗ್ಗುಲಿಗೆ ಹೊರಳಿಸಿ, ತಲೆಯ ಕೆಳಗೆ ತನ್ನ ವೇಲ್ ಮಡಚಿಟ್ಟು, ಗಡಿಯಾರ ನೋಡುತ್ತ ಕೂತಳು. ಸ್ವಲ್ಪ ಹೊತ್ತಿಗೆ ಹುಡುಗಿ ಕಣ್ಣು ಬಿಟ್ಟಳು. ಔಷಧಿ ಅಂಗಡಿಯವರು ನನ್ನ ಪಕ್ಕದಲ್ಲಿ ಬೆವರುತ್ತ ನಿಂತಿದ್ದರು. "ನನಗ ಗುಳಿಗಿ ಹೆಸರಷ್ಟ ಗೊತ್ರಿ ಸರ," ಎಂದರು. ಅವತ್ತೇ ಹುದ್ದೆ ಬಿಟ್ಟರು.

ಮಧ್ಯಾಹ್ನ ಗೌಡರು ಜೀಪಿನಲ್ಲಿ ಬಂದರು. ಮೊಮ್ಮಗಳ ಬಾಯಿ ನೋಡಿದರು, ಏನಾಯಿತೆಂದು ಮಕ್ಕಳನ್ನೇ ಕೇಳಿದರು. ಆಮೇಲೆ ನನ್ನನ್ನು ಬೇವಿನ ಮರದ ಕೆಳಗೆ ಕರೆದರು.

"ಆ ಸಿಸ್ಟರ್ ಎರಡು ವರ್ಷದಿಂದ ನಿಮ್ಮಲ್ಲೇ ಅದಾಳಂತ. ಆಕಿ ಇದ್ದೂ ಅಂಗಡಿಯಾಂವ ಯಾಕ ಕಲಸಾಕತ್ತಿದ್ದ ಮಾಸ್ತರ?"

ಇದ್ದದ್ದನ್ನೇ ಹೇಳಿದೆ. "ನೀವೇನ್ ಅಂತೀರೋ ಅಂತ... ಹುಡುಗಿ ಸಲ್ಯೂಟ್ ಹೊಡೀಬೇಕಾಗ್ತಿತ್ತಲ್ರಿ..."

ಗೌಡರು ಮೊಮ್ಮಗಳ ಕಡೆ ತಿರುಗಿ ನೋಡಿದರು. "ಬ್ಯಾಡ ಅಂತಿದ್ನೋ ಏನೋ. ನಾ ಏನ್ ದೊಡ್ಡ ಶರಣ ಅಲ್ಲ. ಆದ್ರ ನೀ ಕೇಳೇ ಇಲ್ಲಲ್ಲೋ. ನನ್ನ ಹೆಸರ ಮ್ಯಾಲ ನೀ ನಿನ್ನ ಮನಸಿನಾಗಿಂದೇ ಮಾಡಿಕೊಂಡಿ," ಎಂದರು. ಮೊಮ್ಮಗಳನ್ನು ಜೀಪಿಗೆ ಹತ್ತಿಸಿಕೊಂಡು ಹೋದರು.

ವಾರ ಕಳೆದ ಮೇಲೆ ಸುರಪುರದ ಆಸ್ಪತ್ರೆಗೆ ಹೋದೆ. ವರಾಂಡದಲ್ಲಿ ನಿಂತು, ಪ್ರಥಮ ಚಿಕಿತ್ಸೆಯ ಹುದ್ದೆ ನಿಮ್ಮದೇ ಎಂದೆ. ದೊಡ್ಡ ಉಪಕಾರ ಮಾಡುವವನ ದನಿ ನನ್ನದು; ನೆನೆದರೆ ಈಗಲೂ ಮುಖ ಮುಚ್ಚಿಕೊಳ್ಳಬೇಕು ಅನಿಸುತ್ತದೆ.

"ಯಾಕ ಕೊಡಲಿಲ್ಲ ಅಂತ ನನಗ ಅವತ್ತೇ ಗೊತ್ತಿತ್ರಿ ಸರ," ಎಂದಳು. "ಹೆಣಮಗಳು, ತ್ರಾಸ ಆಗ್ತದ ಅಂದ್ರಿ. ಇಲ್ಲಿ ಹೆರಿಗಿ ವಾರ್ಡಿನಾಗ ನಾ ಏನ್ ಗಾಳಿ ತೊಗೊಂಡು ಕುಂತಿರ್ತೀನೇನು? ಇವತ್ತರೆ ಖರೇ ಹೇಳ್ತಾರೇನೋ ಅಂತ ಎರಡು ವರ್ಷ ನೋಡ್ದೆ."

"ತಪ್ಪಾಯ್ತು ಅಕ್ಕಾರ."

"ನನಗ ಹೇಳಿದ್ರ ಏನ್ ಬಂತ್ರಿ? ಆ ಮಕ್ಕಳು ನಾ ಅಂದ್ರ ಬೆಲ್ಟ್ ಕೊಡೋ ಅಕ್ಕ ಅಂತ ತಿಳ್ಕೊಂಡಾರ. ಯಾಕ ಹಂಗ ಕೂಡ್ಸಿದ್ರಿ ಅಂತ ಅವ್ರ ಮುಂದ ಹೇಳ್ರಿ. ಹೇಳಿದ ಮರು ಭಾನುವಾರ ನಾ ಬಂದು ನಿಲ್ತೀನಿ."

"ಸಣ್ಣ ಮಕ್ಕಳ ಮುಂದ ಅದೆಲ್ಲಾ ಯಾಕ..."

"ಸಲ್ಯೂಟ್ ಹೊಡಿಯೋರು ಅವ್ರೇ ಅಲ್ಲೇನ್ರಿ ಸರ?" ಒಳಗಿನಿಂದ ಯಾರೋ ಸಿಸ್ಟರ್ ಎಂದು ಕೂಗಿದರು, ಹೋದಳು.

ಆ ವಾರದ ಭಾನುವಾರ ಮಕ್ಕಳೆಲ್ಲ ಸಾಲಾಗಿ ನಿಂತಿದ್ದರು. ನಾನು ಎದುರು ಹೋಗಿ ನಿಂತೆ, ಹೇಳಬೇಕೆಂದೇ ನಿಂತೆ. ಅಷ್ಟು ಮುಖಗಳು ನನ್ನನ್ನೇ ನೋಡುತ್ತಿದ್ದವು. ಬಿಸಿಲು ಜೋರಾಗುತ್ತಿದೆ, ಎಲ್ಲರೂ ನೀರಿನ ಬಾಟಲಿ ತರಬೇಕು ಎಂದು ಹೇಳಿ ಬಂದುಬಿಟ್ಟೆ. ಮರುವಾರವೂ ಹಾಗೇ ಆಯಿತು, ಅದರ ಮರುವಾರವೂ ಅಷ್ಟೆ. ಅವಳು ಮತ್ತೆ ಮೈದಾನಕ್ಕೆ ಬರಲಿಲ್ಲ. ಹತ್ತನೆಯ ತರಗತಿ ಮುಗಿಸಿದ ಮಕ್ಕಳು ದಳ ಬಿಟ್ಟು ಹೋದರು, ಹೊಸಬರು ಬಂದರು. ಹೊಸಬರಿಗೆ ಅವಳು ಯಾರೆಂದೇ ಗೊತ್ತಿಲ್ಲ.

ಇದನ್ನೆಲ್ಲ ಹೀಗೆ ಬರೆಯುವುದು ಸುಲಭ, ಕಾಗದ ತಿರುಗಿ ಮುಖ ನೋಡುವುದಿಲ್ಲ. ಆದರೆ ಅವಳು ಬರೆಯಿರಿ ಅಂದಿರಲಿಲ್ಲ, ಮಕ್ಕಳ ಮುಂದೆ ಹೇಳಿ ಅಂದಿದ್ದಳು. ಇವತ್ತಿಗೂ ಹೇಳಿಲ್ಲ.