ನೇಮಣ್ಣ ಕಾಕಾನ ಬಸ್ಸಿನ ಅಕ್ಷರಗಳು

ಪಕ್ಕದ ಮನೆಯವರು ಹೊಸ ಬಾಗಿಲಿಗೆ ವಾರ್ನಿಶ್ ಹೊಡೆಸುತ್ತಿದ್ದಾರೆ. ಮೂರು ದಿನದಿಂದ ಅಥಣಿಯ ನಮ್ಮ ಓಣಿ ತುಂಬ ಅದರದೇ ವಾಸನೆ. ನನ್ನ ಹೆಂಡತಿ ಕಿಟಕಿ ಮುಚ್ಚುತ್ತಾಳೆ, ನಾನು ಹೋಗಿ ತೆರೆಯುತ್ತೇನೆ. "ತಲೀ ನೋಯಾಕತ್ತೈತ್ರಿ. ಅತ್ತರ ಅಂತ ತಿಳಕೊಂಡೀರೇನು ಅದನ್ನ?" ಎಂದು ಬೈಯುತ್ತಾಳೆ. ಅವಳಿಗೆ ಏನು ಹೇಳಲಿ? ಈ ವಾಸನೆ ಬಂದರೆ ನನಗೆ ಮತ್ತೆ ಇಪ್ಪತ್ತಾರು ವರ್ಷ. ಬೆರಳ ತುದಿಗೆ ಬಿಳಿ ಬಣ್ಣ ಹತ್ತಿರುತ್ತದೆ. ಎದುರಿಗೆ ನೇಮಣ್ಣ ಕಾಕಾ ಕೂತಿರುತ್ತಾರೆ. ನಿಮಗಾದರೂ ಹೇಳುತ್ತೇನೆ, ಕೇಳಿ.

ಎಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ನಾನು ಚಿಕ್ಕೋಡಿಯ ಅಂಚೆ ಕಚೇರಿಗೆ ಕ್ಲಾರ್ಕ್ ಆಗಿ ಹೋದೆ. ನೇಮಣ್ಣ ಕಾಕಾನ ಮನೆಯ ಮುಂದಿನ ಖೋಲಿ ನನಗೆ ಬಾಡಿಗೆಗೆ ಸಿಕ್ಕಿತು. ಕಾಕಾ, ಅವರ ಹೆಂಡತಿ ಪದ್ಮಾ ಕಾಕು, ಇಬ್ಬರೇ ಇದ್ದ ಮನೆ. ಒಬ್ಬಳೇ ಮಗಳನ್ನು ರಾಯಬಾಗಕ್ಕೆ ಕೊಟ್ಟಿದ್ದರು. ಜೈನರ ಮನೆ, ಹೊತ್ತು ಮುಳುಗುವುದರೊಳಗೆ ಅವರ ಊಟ ಮುಗಿಯಬೇಕು. ನಾನು ಕಚೇರಿಯಿಂದ ಬರುವಷ್ಟರಲ್ಲಿ ಒಲೆ ಆರಿರುತ್ತಿತ್ತು. ಆದರೂ ನನ್ನ ಕಟ್ಟೆಯ ಮೇಲೆ ಎರಡು ರೊಟ್ಟಿ, ಒಂದಿಷ್ಟು ಪಲ್ಯ ಮುಚ್ಚಿಟ್ಟಿರುತ್ತಿದ್ದರು ಕಾಕು.

ಕಾಕಾ ಇಪ್ಪತ್ತು ವರ್ಷ ಸರಕಾರಿ ಬಸ್ಸು ಓಡಿಸಿದವರು. ಅವರದು ಕೊಕಟನೂರ ವಸ್ತಿ ಗಾಡಿ: ಮಧ್ಯಾಹ್ನ ಚಿಕ್ಕೋಡಿ ಬಿಟ್ಟು ರಾಯಬಾಗ, ಅಥಣಿ ದಾಟಿ ಸಂಜೆಗೆ ಕೊಕಟನೂರ ಮುಟ್ಟಿ, ಅಲ್ಲೇ ಮಲಗಿ ಮುಂಜಾನೆ ತಿರುಗಿ ಬರುವುದು. ನಾನು ಅವರನ್ನು ನೋಡುವ ಹೊತ್ತಿಗೆ ಆ ಗಾಡಿ ಅವರ ಕೈ ಬಿಟ್ಟಿತ್ತು. ಕಣ್ಣಿನ ನರ ಒಣಗುತ್ತಿದೆ ಎಂದು ಮಿರಜಿನ ಡಾಕ್ಟರು ಹೇಳಿದ ಮೇಲೆ ಅವರನ್ನು ಸ್ಟಿಯರಿಂಗಿನಿಂದ ಇಳಿಸಿ ಡಿಪೋದಲ್ಲಿ ಕೂಡುವ ಕೆಲಸ ಕೊಟ್ಟಿದ್ದರು. ಮನೆಗೆ ಬಂದರೆ ಕಟ್ಟೆಯ ಮೇಲೆ ಸುಮ್ಮನೆ ಕೂತಿರುವರು. ರಸ್ತೆಯಲ್ಲಿ ಲಾರಿ ತಿರುವು ತೆಗೆದುಕೊಂಡ ಸದ್ದಾದರೆ ಅವರ ಬಲಗಾಲು ತಾನೇ ನೆಲ ಒತ್ತುತ್ತಿತ್ತು.

ಆ ದೀಪಾವಳಿಗೆ ಕಾಕುನ ತಮ್ಮ ಮುಂಬೈಯಿಂದ ರಿಮೋಟಿನಿಂದ ಓಡುವ ಆಟಿಕೆ ಕಾರು ತಂದ. "ಭಾವಜೀ, ಇದಕ್ಕ ಲೈಸೆನ್ಸ್ ಬೇಕಾಗಂಗಿಲ್ಲ" ಎಂದು ನಗುತ್ತ ಕೊಟ್ಟ. ಕಾಕಾ ನಗಲಿಲ್ಲ. ಎರಡು ದಿನ ಅದನ್ನು ಅಂಗಳದಲ್ಲಿ ಓಡಿಸಿದರು, ಮೂರನೇ ದಿನ ಮೇಲಿನ ಹೊದಿಕೆ ಕಿತ್ತುಹಾಕಿದರು. ಎಣ್ಣೆ ಡಬ್ಬಿಯ ತಗಡು ಕತ್ತರಿಸಿ, ಮಡಚಿ, ಅದರ ಮೇಲೆ ಬಸ್ಸು ಕಟ್ಟತೊಡಗಿದರು. ಒಂದು ತಿಂಗಳು ಹಿಡಿಯಿತು. ಮುಗಿದಾಗ ಅದು ಅವರದೇ ಗಾಡಿ: ಕೆಂಪು ಬಣ್ಣ, ಏಣಿ, ಹಿಂದಿನ ಬಂಪರಿನ ಎಡಕ್ಕೆ ಒಂದು ತಗ್ಗು ಕೂಡ.

"ಎಲ್ಲಾ ಆತು ತಮ್ಮಾ, ಅಕ್ಷರ ಇಲ್ಲ," ಎಂದರು. "ಅಕ್ಷರ ಇಲ್ಲದ ಗಾಡಿ ಯಾರು ಹತ್ತತಾರ?"

ನನ್ನ ಅಕ್ಷರ ಮುತ್ತಿನ ಹಾಗಿದೆ ಎಂದು ಸಾಲಿಯ ಮಾಸ್ತರರು ಒಮ್ಮೆ, ಒಂದೇ ಒಮ್ಮೆ, ಅಂದಿದ್ದರು. ಅದನ್ನು ನಾನು ಇವತ್ತಿನವರೆಗೂ ಮರೆತಿಲ್ಲ. ಹಾಗಾಗಿ ತಕ್ಷಣ ಒಪ್ಪಿಕೊಂಡೆ. ಮೊದಲು ಕಾಗದದ ಮೇಲೆ ಬರೆದು ಹಿಟ್ಟಿನ ಅಂಟಿನಿಂದ ಹಚ್ಚಿದೆ. ಎರಡು ದಿನಕ್ಕೆ ಅಂಚುಗಳು ಸುರುಳಿಯಾಗಿ ಎದ್ದು ನಿಂತವು. ಆಮೇಲೆ ಕಚೇರಿಯಲ್ಲಿ ಅಂಚೆಚೀಟಿಯ ಹಾಳೆ ಹರಿಯುವಾಗ ಹೊಳೆಯಿತು. ಹಾಳೆಯ ಸುತ್ತ ಉಳಿಯುವ ಬಿಳಿ ಅಂಚಿನ ಹಿಂದೆ ಅಂಟು ಇರುತ್ತದೆ, ನೀರು ಬಿದ್ದರೆ ಕರಗುತ್ತದೆ. ಆ ಅಂಟಿನ ಮೇಲೆ ವಾರ್ನಿಶ್ ಸವರಿ, ಒಣಗಿಸಿ, ಬಿಳಿ ಬಣ್ಣದಲ್ಲಿ ಅಕ್ಷರ ಬರೆದು, ಮತ್ತೆ ವಾರ್ನಿಶ್ ಸವರಿದರೆ? ನೀರಲ್ಲಿ ಇಟ್ಟಾಗ ಕಾಗದ ಕೆಳಗುಳಿದು ಅಕ್ಷರ ಮಾತ್ರ ಪೊರೆಯ ಹಾಗೆ ಜಾರಿ ಬರಬೇಕು.

ಬಂತು, ಆದರೆ ಸುಲಭಕ್ಕೆ ಬರಲಿಲ್ಲ. ವಾರ್ನಿಶ್ ತೆಳುವಾದರೆ ಪೊರೆ ಹರಿಯುತ್ತಿತ್ತು, ದಪ್ಪವಾದರೆ ಸೀಳು ಬಿಡುತ್ತಿತ್ತು. ರಾಯಬಾಗ ಎಷ್ಟು ಸಲ ಎರಡು ತುಂಡಾಯಿತೋ. ಕಾಕುನ ಊಟದ ತಾಟಿನಲ್ಲೇ ನಮ್ಮ ಪ್ರಯೋಗ. "ನನ್ನ ತಾಟಿನ್ಯಾಗ ಊರೂರ ತೇಲಾಕತ್ತಾವಲ್ಲರಿ," ಎನ್ನುತ್ತಿದ್ದರು ಕಾಕು. ಆದರೆ ತಾಟು ಕೇಳಲು ಹೋದರೆ ನೀರು ತುಂಬಿಯೇ ಕೊಡುತ್ತಿದ್ದರು. ಕಾಕಾ ಪಕ್ಕದಲ್ಲಿ ಕೂತು ರಸ್ತೆಯ ಕತೆ ಹೇಳುವರು, ನಾನು ಉಸಿರು ಬಿಗಿ ಹಿಡಿದು ಕುಂಚ ಎಳೆಯುವೆ. ಅಂಥ ಭಾನುವಾರಗಳು ನನಗೆ ಆಮೇಲೆ ಸಿಗಲಿಲ್ಲ.

ನಮ್ಮಿಬ್ಬರಿಗೆ ಒಂದೇ ಒಂದು ಜಗಳ ಬಂತು, ಅದೂ ಅಥಣಿಯ ಥಕಾರದ ಚುಕ್ಕಿಗಾಗಿ. ಅವರ ನಿಜವಾದ ಗಾಡಿಯ ಮೇಲೆ ಬರೆದ ಪೇಂಟರ್ ಆ ಚುಕ್ಕಿ ಬಿಟ್ಟಿದ್ದನಂತೆ, ವರ್ಷಗಟ್ಟಲೆ ಬಸ್ಸು 'ಅಧಣಿ'ಗೇ ಹೋಗಿ ಬಂದಿತ್ತಂತೆ.

"ಚುಕ್ಕಿ ಬ್ಯಾಡ ತಮ್ಮಾ. ನನ್ನ ಗಾಡಿ ಹೆಂಗಿತ್ತು, ಹಂಗ ಇರಬೇಕ."

"ತಪ್ಪು ಅದು ಕಾಕಾ. ಅಂಚೆಯವನ ಕೈಯಾಗ ಊರಿನ ಹೆಸರ ತಪ್ಪಿಸ್ತೀರೇನ್ರಿ?"

ನಾನು ಹಟಮಾರಿ. ಕೊನೆಗೆ ಹದ ಸಿಕ್ಕಿದ ದಿನ ಚುಕ್ಕಿ ಇಟ್ಟೇ ಬರೆದೆ. 'ಚಿಕ್ಕೋಡಿ–ರಾಯಬಾಗ–ಅಥಣಿ–ಕೊಕಟನೂರ', ಒಂದೂ ಸುಕ್ಕಿಲ್ಲದೆ ಬಸ್ಸಿನ ಎಡಗಡೆ ಕೂತಿತು. ಬಲಗಡೆಯದು ಇನ್ನೂ ಬರೆದಿರಲಿಲ್ಲ. ಒಣಗಿದ ಮೇಲೆ ಬಸ್ಸನ್ನು ಕಾಕಾನ ಕೈಗೆ ಕೊಟ್ಟೆ. ಅವರು ಅದನ್ನು ತಿರುಗಿಸಿ ಖಾಲಿ ಇದ್ದ ಬಲಗಡೆಯನ್ನು ಮುಖದ ಹತ್ತಿರ ಹಿಡಿದರು, ಬಹಳ ಹೊತ್ತು ನೋಡಿದರು.

"ಭಾಳ ಚಂದ ಬಂದೈತಿ," ಎಂದರು. "ಚುಕ್ಕಿನೂ ಬಿಟ್ಟಿ. ಈಗ ಸರಿ ಆತು ನೋಡು."

ನಾನು ಬಾಯಿ ತೆರೆದೆ. ಹಿಂದೆ ತಾಟು ಹಿಡಿದು ನಿಂತಿದ್ದ ಕಾಕು ಬೇಡ ಎಂದು ತಲೆ ಅಲ್ಲಾಡಿಸಿದರು. ಆಮೇಲೆ ನೀರು ಚೆಲ್ಲುವ ನೆಪದಲ್ಲಿ ಹಿತ್ತಲಿಗೆ ಕರೆದರು. "ನನಗ ಗೊತ್ತೈತಿ. ಅವರು ಅಕ್ಕಿ ಆರಿಸೂದು ಬಿಟ್ಟಾಗಿಂದ ಗೊತ್ತೈತಿ," ಎಂದರು. "ನನಗ ಗೊತ್ತೈತಿ ಅನ್ನೂದು ಅವರಿಗೆ ಗೊತ್ತಾಗಬಾರ್ದು. ಅಷ್ಟ ನಡಸು."

ಮರುದಿನ ಮುಂಜಾನೆ ಕಾಕಾ ಡಿಪೋಗೆ ಹೋದ ಮೇಲೆ ನಾನು ಅರ್ಧ ದಿನ ರಜೆ ಹಾಕಿದೆ. ಚುಕ್ಕಿ ಇಲ್ಲದ ಹೊಸ ಅಕ್ಷರ ಬರೆದು ಬಲಗಡೆ ಕೂಡಿಸಿದೆ. ಎಡಗಡೆಯದನ್ನು ಕೆರೆದು ತೆಗೆದು ಅಲ್ಲೂ ಅಂಥದೇ ಹಚ್ಚಿದೆ. ಯಾವ ಕಡೆ ತಿರುಗಿಸಿದರೂ ಅವರ ಮಾತು ಸುಳ್ಳಾಗಬಾರದಿತ್ತು.

ಒಂದೆರಡು ತಿಂಗಳಾಗಿರಬೇಕು. ಕಾಕು ಬಸದಿಗೆ ಹೋಗಿದ್ದರು. ಅಂಗಳದಲ್ಲಿ ಬಸ್ಸು ಓಡಿಸುತ್ತಿದ್ದ ಕಾಕಾ ರಿಮೋಟನ್ನು ನನ್ನ ಕಡೆ ಚಾಚಿದರು.

"ನೀ ಓಡಸು. ನನಗ ಏನೂ ಕಾಣವಲ್ತು ತಮ್ಮಾ. ಬೆಳಕ, ಕತ್ತಲಿ, ಅಷ್ಟ ತಿಳೀತೈತಿ. ಆಕೀಗಿ ಹೇಳಬ್ಯಾಡ. ಹೆದರತಾಳ."

ನಾನು ಓಡಿಸಿದೆ. ಎಲ್ಲಿ ಬಂದೆವು ಎಂದು ಅವರು ಕೇಳುವರು, ರುಬ್ಬುಗುಂಡಿನ ಹತ್ತಿರ ರಾಯಬಾಗ ಎನ್ನುವೆ, ಬಾವಿಕಟ್ಟೆಗೆ ಅಥಣಿ ಎನ್ನುವೆ. "ನಿಧಾನ, ಮಂದಿ ಇಳೀತಾರ," ಎನ್ನುವರು. ಕಾಕಾನ ಗುಟ್ಟು ಕಾಕಾಗೆ, ಕಾಕುನ ಗುಟ್ಟು ಕಾಕುಗೆ. ಎರಡನ್ನೂ ಇಟ್ಟುಕೊಂಡು ನಾನು ನಡುವೆ ಇದ್ದೆ.

ಮುಂದಿನ ವರ್ಷ ನಿಪ್ಪಾಣಿಗೆ ವರ್ಗವಾಯಿತು. ಹೊಸ ಊರು, ಮದುವೆ, ಮಕ್ಕಳು. ಬರುತ್ತೇನೆ ಎಂದು ಎರಡು ಕಾರ್ಡು ಬರೆದೆ, ಹೋಗಲಿಲ್ಲ. ಕಾಕಾ ತೀರಿಕೊಂಡ ಸುದ್ದಿ ಯಾರಿಂದಲೋ ತಿಳಿದಾಗ ಆರು ತಿಂಗಳಾಗಿತ್ತು. ಊರೂರಿಗೆ ಕಾಗದ ಮುಟ್ಟಿಸುವ ಕೆಲಸದವನು ನಾನು, ಅವರ ಬಾಗಿಲು ಮಾತ್ರ ಮುಟ್ಟಲಿಲ್ಲ.

ಮೊನ್ನೆ ತಡೆಯಲಾಗದೆ ಬಸ್ಸು ಹತ್ತಿ ರಾಯಬಾಗಕ್ಕೆ ಹೋದೆ. ಕಾಕು ಈಗ ಮಗಳ ಮನೆಯಲ್ಲಿದ್ದಾರೆ. ಮರಿಮಕ್ಕಳ ಗದ್ದಲದ ನಡುವೆ, ಬೆನ್ನು ಬಾಗಿ, ಆದರೆ ಗಟ್ಟಿಯಾಗಿ. ನನ್ನ ದನಿಯಿಂದಲೇ ಗುರುತು ಹಿಡಿದರು. ತಗಡಿನ ಬಸ್ಸು ತುಕ್ಕು ಹಿಡಿದು ಎಂದೋ ಹೋಯಿತಂತೆ. ಚಹಾ ಕುಡಿದಾಯಿತು. ಮಗಳು ಒಳಗೆ ಹೋದ ಮೇಲೆ ಕಾಕು ಹತ್ತಿರ ಸರಿದರು.

"ತಮ್ಮಾ, ಒಂದ ಮಾತು ಕೇಳತೀನಿ. ಕಣ್ಣ ಹೋದುವು ಅಂತ ಅವರು ಕಡೀತನಕ ನನ್ನ ಮುಂದ ಹೇಳಲೇ ಇಲ್ಲ. ನಿನ್ನ ಮುಂದಾದ್ರೂ ಹೇಳಿದ್ರೇನು?"

"ಇಲ್ಲರಿ ಕಾಕು," ಎಂದೆ. ಕೊಟ್ಟ ಮಾತು, ಮೂವತ್ತು ವರ್ಷದ ರೂಢಿ, ಬಾಯಿಗೆ ತಾನೇ ಬಂತು.

ಅವರು ತಲೆಯಾಡಿಸಿದರು. "ಹಂಗಾದ್ರ ಅವರೊಬ್ಬರೇ ಅದನ್ನ ಹೊತಗೊಂಡು ಹೋದ್ರು ಬಿಡು," ಎಂದರು. ಕೈಯಲ್ಲಿನ ಖಾಲಿ ಕಪ್ಪನ್ನು ಸುಮ್ಮನೆ ತಿರುಗಿಸುತ್ತಿದ್ದರು.

ನನಗೆ ಹಾಗೇ ಕೂಡಲಾಗಲಿಲ್ಲ. "ಹೇಳಿದ್ರು ಕಾಕು. ನೀವು ಬಸದಿಗೆ ಹೋದಾಗ. ನಿಮಗ ಹೇಳಬ್ಯಾಡ ಅಂದಿದ್ರು."

ತಿರುಗುತ್ತಿದ್ದ ಕಪ್ಪು ನಿಂತಿತು. "ಏನಂದ್ರು? ಅವರಂದಂಗ ಹೇಳು."

ಹೇಳಿದೆ. ಏನೂ ಕಾಣವಲ್ತು ಎಂದದ್ದು, ಬೆಳಕ, ಕತ್ತಲಿ, ಆಕೀಗಿ ಹೇಳಬ್ಯಾಡ, ಹೆದರತಾಳ. ಇನ್ನೊಮ್ಮೆ ಹೇಳು ಎಂದರು. ಹೇಳಿದೆ. ಮೂರನೇ ಸಲ ನಾನು ಹೇಳುವಾಗ ಅವರೂ ನನ್ನ ಜೊತೆ ತುಟಿ ಆಡಿಸುತ್ತಿದ್ದರು.