ಸೀಟು ಹಿಡಿದ ಡೈರಿ

ಮುಖ್ಯ ಶಿಕ್ಷಕರನ್ನು ನಾಯಕರನ್ನಾಗಿ ಮಾಡುವ ತರಬೇತಿಯೊಂದಕ್ಕೆ ಹೋದ ವರ್ಷ ನನ್ನನ್ನೂ ಕಳಿಸಿದ್ದರು. ನಿವೃತ್ತಿಗೆ ಹತ್ತಿರವಾದವಳನ್ನು ಈಗ ನಾಯಕಿ ಮಾಡಿ ಯಾರಿಗೇನು ಆಗಬೇಕಿದೆಯೋ ಎಂದು ಗೊಣಗುತ್ತಲೇ ಹೋದೆ. ಪಾಠ ಹೇಳಿದ ಹುಡುಗನಿಗೆ ನನ್ನ ಮಗನ ವಯಸ್ಸು. ಕೊನೆಗೆ ಎಲ್ಲರಿಗೂ ದಪ್ಪ ರಟ್ಟಿನ ಡೈರಿ ಹಂಚಿ, ದಿನಾ ಸಂಜೆ ಮೂರು ಪ್ರಶ್ನೆಗೆ ಉತ್ತರ ಬರೆಯಬೇಕು ಎಂದ. ಇವತ್ತು ನಿಮ್ಮ ತಂಡದಲ್ಲಿ ಯಾರ ಮಾತಿಗೆ ಕಿವಿಗೊಟ್ಟಿರಿ? ಯಾವ ನಿರ್ಧಾರ ತೆಗೆದುಕೊಂಡಿರಿ? ನಾಳೆ ಏನನ್ನು ಬೇರೆ ಥರ ಮಾಡುತ್ತೀರಿ? ಹೀಗೆ ಒಂದು ವರ್ಷ ಬರೆದರೆ ನೀವೇ ಬೇರೆಯವರಾಗಿರುತ್ತೀರಿ ಮೇಡಂ ಎಂದು ನನ್ನ ಕಡೆಗೇ ನೋಡಿ ಹೇಳಿದ. ಈಗ ಇರುವವಳಿಗೆ ಏನಾಗಿದೆ ಎಂದು ಕೇಳಬೇಕೆನಿಸಿತು, ಡೈರಿಯನ್ನು ಚೀಲಕ್ಕೆ ಹಾಕಿಕೊಂಡೆ.

ನನ್ನ ತಂಡವೆಂದರೆ ಎಷ್ಟು ದೊಡ್ಡದು ಅಂತೀರಿ. ಸೊರಬದ ದಾರಿಯಲ್ಲಿರುವ ಒಂದು ಹಳ್ಳಿಯ ಚಿಕ್ಕ ಶಾಲೆ. ನಾನು, ಒಬ್ಬರು ಮೇಷ್ಟ್ರು, ಮತ್ತೆ ನಲಿ-ಕಲಿಯ ಪುಟ್ಟ ಮಕ್ಕಳನ್ನು ನೋಡಿಕೊಳ್ಳುವ ಒಬ್ಬ ಅತಿಥಿ ಶಿಕ್ಷಕಿ. ಅತಿಥಿಯೆಂದರೆ ಖಾಯಂ ಶಿಕ್ಷಕರು ಬರುವ ತನಕ ಇರುವವರು, ಅವರು ಬಂದ ದಿನವೇ ಹೊರಡಬೇಕಾದವರು. ನಮ್ಮ ಅತಿಥಿ ಪ್ರತಿ ಜೂನ್‌ನಲ್ಲೂ ಹೊಸದಾಗಿ ಅರ್ಜಿ ಹಾಕಿ, ಪ್ರತಿ ಜೂನ್‌ನಲ್ಲೂ ಹೊಸದಾಗಿ ಅತಿಥಿಯಾಗಿ, ವರ್ಷಗಳಿಂದ ನಮ್ಮಲ್ಲೇ ಇದ್ದಳು.

ಶಿರಾಳಕೊಪ್ಪದ ಹುಡುಗಿ. ಅಪ್ಪನದು ಬಸ್‌ಸ್ಟ್ಯಾಂಡಿನ ಹತ್ತಿರ ಗಾದಿ ಹೊಲಿಯುವ ಅಂಗಡಿ. ನಾನು ಶಿಕಾರಿಪುರದಲ್ಲಿ ಹತ್ತುವ ಬಸ್ಸಿಗೇ ಅವಳು ಶಿರಾಳಕೊಪ್ಪದಲ್ಲಿ ಹತ್ತುತ್ತಿದ್ದಳು. ಹೆಂಗಸರಿಗೆ ಟಿಕೆಟ್ ಫ್ರೀ ಆದಮೇಲೆ ಆ ಬಸ್ಸಿನಲ್ಲಿ ಕಾಲಿಡಲೂ ಜಾಗವಿರುವುದಿಲ್ಲ. ಅವಳಿಗೆಂದು ಪಕ್ಕದ ಸೀಟಿನ ಮೇಲೆ ಕರ್ಚೀಫ್ ಹಾಕುತ್ತಿದ್ದೆ. ಕರ್ಚೀಫನ್ನು ಯಾರೂ ಲೆಕ್ಕಕ್ಕಿಡುತ್ತಿರಲಿಲ್ಲ, ಎತ್ತಿ ನನ್ನ ಕೈಗೇ ಕೊಟ್ಟು ಕೂರುತ್ತಿದ್ದರು. ಡೈರಿ ಬಂದ ಮೇಲೆ ಅದನ್ನೇ ಇಡತೊಡಗಿದೆ. ಸರ್ಕಾರದ ಮುದ್ರೆ ಇದ್ದದ್ದಕ್ಕೋ ಏನೋ, ಅದನ್ನು ಮುಟ್ಟಲು ಜನ ಹಿಂದೆ ಮುಂದೆ ನೋಡುತ್ತಿದ್ದರು.

ಬರೆಯುವುದನ್ನೂ ಬಿಡಲಿಲ್ಲ. ಆದರೆ ಆ ಎರಡನೇ ಪ್ರಶ್ನೆ ನನ್ನ ಜೀವ ಹಿಂಡಿತು. ಯಾವ ನಿರ್ಧಾರ ತೆಗೆದುಕೊಂಡಿರಿ? ಮಕ್ಕಳಿಗೆ ಯಾವತ್ತು ಮೊಟ್ಟೆ, ಯಾವ ತಿಂಗಳು ಪರೀಕ್ಷೆ, ಯಾವ ದಿನ ಯಾವ ಪ್ರತಿಜ್ಞೆ, ಎಲ್ಲವೂ ವಾಟ್ಸಾಪ್‌ನಲ್ಲಿ ಮೇಲಿನಿಂದ ಇಳಿಯುತ್ತದೆ. ಸಂಜೆಯೊಳಗೆ ಫೋಟೋ ಹಾಕಬೇಕು ಅಷ್ಟೆ. ಒಂದು ದಿನ ‘ಗಂಟೆಯ ಹಗ್ಗ ಬದಲಿಸಿದೆ’ ಎಂದು ಬರೆದೆ. ಓದಿಕೊಂಡು ನನಗೇ ನಗು ಬಂತು.

ಮೊದಲ ಪ್ರಶ್ನೆಯಿಂದ ಮಾತ್ರ ಸ್ವಲ್ಪ ಉಪಯೋಗವಾಯಿತು. ಯಾರ ಮಾತಿಗಾದರೂ ಕಿವಿಗೊಡಲೇಬೇಕಲ್ಲ, ಪಕ್ಕದಲ್ಲಿ ಕೂತವಳನ್ನೇ ಮಾತಾಡಿಸತೊಡಗಿದೆ. ಮೊದಲಾದರೆ ಶಿರಾಳಕೊಪ್ಪ ದಾಟುತ್ತಿದ್ದಂತೆ ನನಗೆ ತೂಕಡಿಕೆ. ಮನೆಯಲ್ಲಿ ಮದುವೆಯ ಮಾತು ಎತ್ತುತ್ತಾರೆಂದು, ಅವಳು ಬೇಡವೆನ್ನುತ್ತಾಳೆಂದು, ಬಿ.ಎಡ್ ಮುಗಿಸಿ ಪರೀಕ್ಷೆ ಬರೆದು ಖಾಯಂ ಆಗಬೇಕೆಂದಿದ್ದಾಳೆಂದು ಆಗ ಗೊತ್ತಾಯಿತು.

“ಶಾಲೆ ಇರೋ ತನಕ ಮನೇಲಿ ನನ್ನ ಮಾತು ನಡೀತದೆ ಮೇಡಂ,” ಅಂದಿದ್ದಳು. “ಟೀಚರ್ ಅಂತ ಅಪ್ಪನೂ ಸುಮ್ನಾಗ್ತಾರೆ.”

ಅದನ್ನು ಹಾಗೇ ಡೈರಿಯಲ್ಲಿ ಬರೆದುಕೊಂಡೆ. ಕೆಳಗೆ, ಈಕೆಯನ್ನು ಉಳಿಸಿಕೊಳ್ಳಬೇಕು ಎಂದೂ ಬರೆದೆ. ನಾಯಕಿಯ ಹಾಗೆ ಬರೆದ ಒಂದೇ ಸಾಲು ಅದು.

ದಸರಾ ರಜೆ ಮುಗಿದ ವಾರವೇ ವರ್ಗಾವಣೆ ಆದೇಶ ಬಂತು. ನಮ್ಮ ಖಾಲಿ ಹುದ್ದೆಗೆ ಖಾಯಂ ಶಿಕ್ಷಕಿ. ಖಾಯಂ ಶಿಕ್ಷಕರು ಬೇಕೆಂದು ಪ್ರತಿ ವರ್ಷವೂ ಅರ್ಜಿ ಬರೆದವಳು ನಾನೇ. ಬರೆಯದಿರಲು ಆಗುತ್ತಿರಲಿಲ್ಲ, ಊರವರು ಕೇಳುತ್ತಿದ್ದರು, ಮಕ್ಕಳಿಗೆ ಬೇಕಿತ್ತು. ಕೊಡುವುದಿಲ್ಲವೆಂಬ ಧೈರ್ಯದ ಮೇಲೆ ಬರೆಯುತ್ತಿದ್ದೆನೋ ಏನೋ.

ಸೊರಬದ ಕಚೇರಿಗೆ ಓಡಿದೆ. ಅತಿಥಿ ಶಿಕ್ಷಕರ ವಿಷಯ ನೋಡುವ ಗುಮಾಸ್ತರು ಕುರ್ಚಿ ಕೊಟ್ಟರು, ಟೀ ತರಿಸಿದರು. ಅವರು ಗದರಿದ್ದರೆ ನಾನೂ ಗದರಬಹುದಿತ್ತು.

“ಬೇರೆ ಯಾವ ಶಾಲೇಲಾದ್ರೂ ಹಾಕಿಕೊಡಿ,” ಅಂದೆ.

“ಎಲ್ಲಾ ಕಡೆ ಜೂನ್‌ನಲ್ಲೇ ತುಂಬಿ ಆಗಿದೆ ಮೇಡಂ. ಒಬ್ಬರನ್ನ ತೆಗೆದು ಇನ್ನೊಬ್ಬರನ್ನ ಹಾಕಬೇಕಾಗ್ತದೆ. ಯಾರನ್ನ ತೆಗೀಲಿ, ನೀವೇ ಹೇಳಿ.”

ಟೀ ಕುಡಿದು ಎದ್ದು ಬಂದೆ.

ಹೊಸಬಳ ಮೇಲಾದರೂ ಸಿಟ್ಟಾಗೋಣವೆಂದರೆ ಅದಕ್ಕೂ ದಾರಿಯಿರಲಿಲ್ಲ. ಗಂಡ, ಮಗು ಸೊರಬದಲ್ಲಿ, ಈಕೆಯ ನೌಕರಿ ಕಲಬುರಗಿ ಕಡೆಯ ಯಾವುದೋ ಹಳ್ಳಿಯಲ್ಲಿ. ವರ್ಷಗಟ್ಟಲೆ ರಜೆಯಿಂದ ರಜೆಗೆ ಮಗುವಿನ ಮುಖ ನೋಡಿದವಳು. ಹಾಜರಿ ಪುಸ್ತಕದಲ್ಲಿ ಸಹಿ ಹಾಕುವಾಗ ಅವಳ ಕಣ್ಣಲ್ಲಿ ನೀರು ಬಂತು. ನಾನು ಬೆನ್ನು ಸವರಿದೆ. ಕಿಟಕಿಯಾಚೆ ನಮ್ಮ ಅತಿಥಿ ಮಕ್ಕಳನ್ನು ಸಾಲಾಗಿ ನಿಲ್ಲಿಸುತ್ತಿದ್ದಳು.

ಅವತ್ತೇ ಸ್ವಾಗತ, ಅವತ್ತೇ ಬೀಳ್ಕೊಡುಗೆ. ಎರಡೆರಡು ಕಾರ್ಯಕ್ರಮ ಯಾಕೆ ಎಂದು ಶಾಲಾ ಸಮಿತಿಯ ಅಧ್ಯಕ್ಷರು ಒಂದೇ ಮೇಜು, ಒಂದೇ ಮೈಕಿನಲ್ಲಿ ಮುಗಿಸಿದರು. ಒಂದನೇ ತರಗತಿಯವರು ಇಬ್ಬರಿಗೂ ಒಂದೇ ಸಮ ಚಪ್ಪಾಳೆ ತಟ್ಟಿದರು. ನಾನೂ ಎದ್ದು ನಿಂತು ಏನೋ ಮಾತಾಡಿದೆ. ತರಬೇತಿಯಲ್ಲಿ ಕಲಿತ ‘ತಂಡ’ ಎಂಬ ಪದ ಅದರಲ್ಲಿ ಬಂದಿರಬೇಕು, ನನಗೇ ನಾಚಿಕೆಯಾಯಿತು.

ಸಂಜೆ ಬಸ್ಸಿನಲ್ಲಿ ಕೆಲಸ ಕಳೆದುಕೊಂಡವಳೇ ನನಗೆ ಸಮಾಧಾನ ಹೇಳಿದಳು. “ಬಿಡಿ ಮೇಡಂ, ನಿಮ್ಮ ಕೈಲಿ ಏನಿದೆ.”

ಕೋಪದಲ್ಲಿ ಅಂದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ನಿಜವಾಗಿಯೂ ನನ್ನ ಮೇಲೆ ಕನಿಕರಪಟ್ಟು ಅಂದಿದ್ದಳು. ಶಿರಾಳಕೊಪ್ಪದಲ್ಲಿ ಇಳಿದು, ಕಿಟಕಿಯ ಹತ್ತಿರ ಬಂದು, ಊಟದ ಡಬ್ಬಿ ಮರೆತಿದ್ದೇನೆ ಕೊಡಿ ಎಂದಳು. ಕೊಟ್ಟೆ. ಮನೆಗೆ ಹೋಗಿ ಡೈರಿ ತೆರೆದೆ, ಏನೂ ಬರೆಯಲಾಗಲಿಲ್ಲ.

ಮರುದಿನ ಶಿಕಾರಿಪುರದಲ್ಲಿ ಹತ್ತಿದವಳೇ ಪಕ್ಕದ ಸೀಟಿನ ಮೇಲೆ ಡೈರಿ ಇಟ್ಟೆ. ಕೈ ತನ್ನ ಪಾಡಿಗೆ ಇಟ್ಟಿತು, ನನಗೆ ಗೊತ್ತಾಗಿದ್ದು ಆಮೇಲೆ. ಗೊತ್ತಾದ ಮೇಲೂ ತೆಗೆಯಲಿಲ್ಲ. ಕಂಕುಳಲ್ಲಿ ಕೂಸಿದ್ದ ಹೆಂಗಸೊಬ್ಬಳು ನನ್ನ ಸೀಟಿನ ಕಂಬಿ ಹಿಡಿದು ನಿಂತಿದ್ದಳು.

“ಇಲ್ಲಿ ಯಾರಾದ್ರೂ ಬರ್ತಾರೇನ್ರೀ?”

“ಹೂಂ, ಶಿರಾಳಕೊಪ್ಪದಲ್ಲಿ ಹತ್ತುತ್ತಾರೆ,” ಅಂದುಬಿಟ್ಟೆ.

ಅವಳು ಕೂಸನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಬದಲಿಸಿಕೊಳ್ಳುತ್ತ ನಿಂತೇ ಬಂದಳು. ಶಿರಾಳಕೊಪ್ಪ ಬಂತು. ಗಾದಿ ಅಂಗಡಿಯ ಬಾಗಿಲು ತೆಗೆದಿತ್ತು. ಒಳಗೆ ಅರಳೆಯ ರಾಶಿಯ ಪಕ್ಕ ನಮ್ಮ ಹುಡುಗಿ ತಲೆ ತಗ್ಗಿಸಿ ಉದ್ದ ಸೂಜಿಯಲ್ಲಿ ಹೊಲಿಯುತ್ತಿದ್ದಳು. ಬಸ್ಸಿನ ಹಾರ್ನಿಗೆ ಒಮ್ಮೆ ಕೈ ನಿಂತಿತು, ತಲೆ ಎತ್ತಲಿಲ್ಲ. ಬಸ್ಸು ಹೊರಟಿತು.

ಡೈರಿ ಎತ್ತಿ ತೊಡೆಯ ಮೇಲಿಟ್ಟುಕೊಂಡೆ. ಹೆಂಗಸು ಕೂತು, ಕೂಸಿನ ಟೋಪಿ ಸರಿಮಾಡಿ, ನನ್ನ ಕಡೆ ತಿರುಗಿದಳು.

“ಅವರು ಬರಲೇ ಇಲ್ವಲ್ರೀ.”

“ಇಲ್ಲ,” ಅಂದೆ. “ಇನ್ನು ಬರೋದಿಲ್ಲ.”